ಧೂಮಕೇತು ಎಲ್ಲಿರುತ್ತೆ ಅಂತ ಕೇಳಿ, ಎಷ್ಟು ಹೊಳೆಯುತ್ತೆ ಅಂತ ಕೇಳಬೇಡಿ

2024ರ ಸೆಪ್ಟೆಂಬರ್ ಕೊನೆಯಲ್ಲಿ ನನ್ನ ಫೋನಿಗೆ ಬಿಡುವೇ ಇರಲಿಲ್ಲ. ಬೆಂಗಳೂರಿನಲ್ಲಿ ಬೆಳಗಿನ ಜಾವ ಯಾರೋ ತೆಗೆದ ಧೂಮಕೇತುವಿನ ಫೋಟೊ ಎಲ್ಲರ ವಾಟ್ಸ್ಯಾಪಿಗೂ ಬಂದಿತ್ತು. ಎಲ್ಲರದೂ ಎರಡೇ ಪ್ರಶ್ನೆ. ಎಲ್ಲಿ ನೋಡಬೇಕು? ಬರಿಗಣ್ಣಿಗೆ ಕಾಣುತ್ತಾ? ಮೊದಲನೆಯದಕ್ಕೆ ಗಂಟೆ, ದಿಕ್ಕು, ಎತ್ತರ ಎಲ್ಲ ಹೇಳಿದೆ. ಎರಡನೆಯದಕ್ಕೆ ‘ಕಾಣಬಹುದು’ ಅಂದೆ. ‘ಇಷ್ಟೆಲ್ಲ ಲೆಕ್ಕ ಹಾಕ್ತೀರಿ, ಇದೊಂದು ಗೊತ್ತಾಗಲ್ವಾ ಸಾರ್?’ ಎಂದರು ಒಬ್ಬರು.

ಗೊತ್ತಾಗಲ್ಲ. ದಾರಿಯ ಲೆಕ್ಕ ಬೇರೆ, ಹೊಳಪಿನ ಲೆಕ್ಕ ಬೇರೆ.

ಆ ಧೂಮಕೇತುವಿನ ಹೆಸರು ಸುಚಿನ್‌ಶಾನ್-ಅಟ್ಲಾಸ್. 2023ರ ಜನವರಿ 9ರಂದು ಚೀನಾದ ಪರ್ಪಲ್ ಮೌಂಟನ್ ವೀಕ್ಷಣಾಲಯದ ಚಿತ್ರಗಳಲ್ಲಿ ಸಿಕ್ಕಿತು. ಆಮೇಲೆ ಕೈತಪ್ಪಿತು. ಫೆಬ್ರವರಿ 22ಕ್ಕೆ ದಕ್ಷಿಣ ಆಫ್ರಿಕಾದ ಅಟ್ಲಾಸ್ ದೂರದರ್ಶಕಕ್ಕೆ ಮತ್ತೆ ಸಿಕ್ಕಿತು. ಆಗ ಅದು ಸೂರ್ಯನಿಂದ ಏಳು ಮಾನಕ್ಕಿಂತ ದೂರ ಇತ್ತು. ಒಂದು ಮಾನ ಅಂದರೆ ಭೂಮಿಗೂ ಸೂರ್ಯನಿಗೂ ಇರುವ ದೂರ, ಸುಮಾರು 15 ಕೋಟಿ ಕಿಲೋಮೀಟರ್. ಅಷ್ಟು ದೂರದ ಒಂದು ಮಸುಕು ಚುಕ್ಕೆ ಇಟ್ಟುಕೊಂಡು, ಒಂದೂವರೆ ವರ್ಷ ಮೊದಲೇ, 2024ರ ಸೆಪ್ಟೆಂಬರ್ ಕೊನೆಗೆ ಸೂರ್ಯನ ಹತ್ತಿರ ಬರುತ್ತದೆ ಎಂದು ಲೆಕ್ಕ ಹಾಕಿದರು. ಸೆಪ್ಟೆಂಬರ್ 27ಕ್ಕೆ ಬಂತು. ನಮ್ಮ ಕಡೆ ಹಸ್ತ ಮಳೆ ಶುರುವಾಗುವ ಹೊತ್ತು.

ದಾರಿ ಹಿಡಿಯುವ ಕೆಲಸ ಹೀಗಿರುತ್ತದೆ. ಒಂದೇ ಜಾಗದ ನಾಲ್ಕಾರು ಚಿತ್ರ ತೆಗೆಯಬೇಕು. ನಕ್ಷತ್ರಗಳು ಇದ್ದಲ್ಲೇ ಇರುತ್ತವೆ, ಧೂಮಕೇತು ಸರಿಯುತ್ತದೆ. ಸುತ್ತಲಿನ ನಕ್ಷತ್ರಗಳ ಜಾಗ ಗೈಯಾ ಉಪಗ್ರಹದ ಪಟ್ಟಿಯಲ್ಲಿ ಕರಾರುವಾಕ್ಕಾಗಿ ಇದೆ. ಅವುಗಳ ನಡುವೆ ಧೂಮಕೇತುವಿನ ತಲೆ ಎಲ್ಲಿದೆ ಎಂದು ಅಳೆದು, ಸಮಯದ ಜೊತೆ ಬರೆದರೆ ಒಂದು ಸ್ಥಾನ ಸಿಕ್ಕಿತು. ತತ್ವಕ್ಕೆ ಮೂರು ಸ್ಥಾನ ಸಾಕು, ಕಕ್ಷೆ ಕಟ್ಟಬಹುದು. ನಿಜವಾಗಿ ನೂರಾರು ಬೇಕು.

ಸಮಯ ಎಂದೆನಲ್ಲ, ಅಲ್ಲೇ ಒಮ್ಮೆ ಎಡವಿದ್ದೇನೆ. ಭೂಮಿಯ ಹತ್ತಿರ ಹಾದು ಹೋಗುತ್ತಿದ್ದ ಧೂಮಕೇತು ಒಂದು, ದಿನಕ್ಕೆ 4 ಡಿಗ್ರಿ ಓಡುತ್ತಿತ್ತು. ನನ್ನ ಅಳತೆಗಳೆಲ್ಲ ಲೆಕ್ಕದ ಜಾಗಕ್ಕಿಂತ 10 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯನ್ನು 3,600 ಪಾಲು ಮಾಡಿದರೆ ಒಂದು ಪಾಲು) ಮುಂದೆ. ರಾತ್ರಿಯೆಲ್ಲ ತಲೆ ಕೆಡಿಸಿಕೊಂಡೆ. ಪಕ್ಕಕ್ಕೆ ಒಂಚೂರೂ ಸರಿದಿಲ್ಲ, ಓಡುವ ದಿಕ್ಕಿನಲ್ಲೇ ತಪ್ಪು. ಆಗ ಹೊಳೆಯಿತು. ದಿನಕ್ಕೆ 4 ಡಿಗ್ರಿ ಅಂದರೆ ನಿಮಿಷಕ್ಕೆ ಸರಿಯಾಗಿ 10 ಆರ್ಕ್‌ಸೆಕೆಂಡ್. ಲ್ಯಾಪ್‌ಟಾಪಿನ ಗಡಿಯಾರ ಒಂದು ನಿಮಿಷ ಹಿಂದೆ ಇತ್ತು, ಅಷ್ಟೇ. ಈಗ ಚಿತ್ರ ತೆಗೆಯುವ ಮೊದಲು ಗಡಿಯಾರ ಹೊಂದಿಸದೆ ಚಹಾ ಕೂಡ ಕುಡಿಯುವುದಿಲ್ಲ.

ದಾರಿಯ ಲೆಕ್ಕದಲ್ಲೂ ಒಂದು ಕಡೆ ಜಾರುವುದುಂಟು. ‘80,000 ವರ್ಷಕ್ಕೊಮ್ಮೆ ಬರುವ ಧೂಮಕೇತು’ ಎಂದು ಎಲ್ಲೆಲ್ಲೂ ಬಂದಿತ್ತು, ನೆನಪಿದೆ ಅಲ್ವಾ? ಇದರ ಕಕ್ಷೆ ಎಷ್ಟು ಉದ್ದುದ್ದ ಎಳೆದಂತಿದೆ ಅಂದರೆ, ಅದನ್ನು ಹೇಳುವ ಸಂಖ್ಯೆ 1ಕ್ಕೆ ಅಂಟಿಕೊಂಡೇ ಇದೆ. ಆ ಸಂಖ್ಯೆ 0.9998 ಎಂದಿಟ್ಟು ಲೆಕ್ಕ ಹಾಕಿ, ಸುತ್ತು ಬರಲು ಸುಮಾರು 86,000 ವರ್ಷ. 0.9999 ಎಂದಿಡಿ, 2.44 ಲಕ್ಷ ವರ್ಷ. 1 ಮುಟ್ಟಿತೋ, ವಾಪಸ್ ಬರುವುದೇ ಇಲ್ಲ. ನಾಲ್ಕನೇ ದಶಾಂಶ ಸ್ಥಾನದ ಆಟ ಇದು. ಅಳತೆಗಳು ಜಾಸ್ತಿಯಾದಂತೆ ಸಂಖ್ಯೆ 1ಕ್ಕಿಂತ ಕೂದಲೆಳೆ ಮೇಲೆ ಹೋಯಿತು. ಆ 80,000 ಮಾತ್ರ ಇನ್ನೂ ಜನರ ಬಾಯಲ್ಲಿ ಓಡಾಡುತ್ತಿದೆ.

ಇನ್ನು ಹೊಳಪು. ಇಲ್ಲಿ ಅಂಕ ಉಲ್ಟಾ. ಮ್ಯಾಗ್ನಿಟ್ಯೂಡ್ ಅನ್ನುವ ಈ ಅಂಕ ಕಡಿಮೆಯಾದಷ್ಟೂ ಹೊಳಪು ಜಾಸ್ತಿ. 5 ಅಂಕದ ವ್ಯತ್ಯಾಸ ಅಂದರೆ 100 ಪಟ್ಟು. ಒಳ್ಳೆ ಕತ್ತಲಿದ್ದರೆ 6ರವರೆಗೆ ಬರಿಗಣ್ಣಿಗೆ ಕಾಣುತ್ತದೆ. ಬೆಂಗಳೂರಿನ ತಾರಸಿಯಿಂದ 3 ಕಂಡರೆ ಪುಣ್ಯ.

ಧೂಮಕೇತು ಬರೀ ಕಲ್ಲಾಗಿದ್ದರೆ ಲೆಕ್ಕ ಸಲೀಸು. ಆದರೆ ಅದು ದೂಳು ಬೆರೆತ ಮಂಜಿನ ಗಡ್ಡೆ. ಸೂರ್ಯನ ಬಿಸಿಗೆ ಮಂಜು ಆವಿಯಾಗಿ ದೂಳನ್ನೂ ಎಬ್ಬಿಸುತ್ತದೆ. ನಮಗೆ ಕಾಣುವ ಬೆಳಕೆಲ್ಲ ಆ ದೂಳು, ಅನಿಲದ್ದು. ಸೂರ್ಯನಿಗೆ ಎರಡು ಪಟ್ಟು ಹತ್ತಿರ ಬಂದರೆ ಹೊಳಪು 16 ಪಟ್ಟು ಆಗುತ್ತದೆ ಎಂಬುದು ನಾವು ಸಾಮಾನ್ಯವಾಗಿ ಹಿಡಿಯುವ ಲೆಕ್ಕ. ಹತ್ತು ಪಟ್ಟು ಹತ್ತಿರ ಬಂದರೆ 10,000 ಪಟ್ಟು. ಆದರೆ ಮೊದಲ ಸಲ ಸೂರ್ಯನ ಕಡೆ ಬರುವ ಧೂಮಕೇತುಗಳು ದೂರದಲ್ಲೇ ಜೋರಾಗಿ ಹೊಳೆದು, ಹತ್ತಿರ ಬಂದಾಗ ಸುಸ್ತಾಗುತ್ತವೆ. 10,000ದ ಜಾಗದಲ್ಲಿ 1,000 ಪಟ್ಟು ಆದರೂ ಆಯಿತು. ಎರಡಕ್ಕೂ ನಡುವೆ ಎರಡೂವರೆ ಮ್ಯಾಗ್ನಿಟ್ಯೂಡ್. ಪೇಪರಿನ ಮುಖಪುಟಕ್ಕೂ ನಾಲ್ಕು ಜನ ಹವ್ಯಾಸಿಗಳ ಬೈನಾಕ್ಯುಲರ್‌ಗೂ ಇರುವ ದೂರ ಅದು.

2012ರಲ್ಲಿ ಸಿಕ್ಕ ಐಸಾನ್‌ಗೆ ‘ಶತಮಾನದ ಧೂಮಕೇತು’ ಎಂದು ಹೆಸರಿಟ್ಟರು. 2013ರ ನವೆಂಬರ್ 28ರಂದು ಸೂರ್ಯನನ್ನು ಸುತ್ತುವಾಗ ಪುಡಿಪುಡಿಯಾಯಿತು. ದಾರಿಯ ಲೆಕ್ಕ ಕೊನೆವರೆಗೂ ಸರಿಯಾಗೇ ಇತ್ತು. ಆ ದಾರಿಯಲ್ಲಿ ಬರಬೇಕಾದದ್ದೇ ಉಳಿದಿರಲಿಲ್ಲ.

ಸುಚಿನ್‌ಶಾನ್-ಅಟ್ಲಾಸ್‌ಗೂ ಅದೇ ಗತಿ ಎಂದು 2024ರ ಜುಲೈನಲ್ಲಿ ಹಿರಿಯ ವಿಜ್ಞಾನಿ ಜ್ಡೆನೆಕ್ ಸೆಕಾನಿನಾ ಬರೆದರು. ಏಪ್ರಿಲ್ ಆದಮೇಲೆ ಅದರ ಹೊಳಪು ಏರುವುದೇ ನಿಂತಂತಿತ್ತು. ನಿಂತದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಏಪ್ರಿಲ್‌ನಲ್ಲಿ ಅದು ನಮ್ಮ ಆಕಾಶದಲ್ಲಿ ಸೂರ್ಯನಿಗೆ ಹೆಚ್ಚುಕಡಿಮೆ ಎದುರು ಇತ್ತು. ಹುಣ್ಣಿಮೆ ಚಂದ್ರ ಇದ್ದಕ್ಕಿದ್ದಂತೆ ಹೊಳೆಯುವ ಹಾಗೆ ದೂಳೂ ಆಗ ಒಂದಿಷ್ಟು ಜಾಸ್ತಿ ಹೊಳೆಯುತ್ತದೆ. ಆ ಲಾಭ ಕರಗಿದಾಗ ಧೂಮಕೇತುವೇ ಸೋತಿತು ಅನ್ನಿಸಿತು. ಅದು ಬದುಕಿತು. ಅಕ್ಟೋಬರ್ 9ರ ಸುಮಾರಿಗೆ ನಮಗೂ ಸೂರ್ಯನಿಗೂ ನಡುವೆ ಬಂದಾಗ, ಕಿಟಕಿಯ ಬಿಸಿಲುಕೋಲಿನಲ್ಲಿ ದೂಳು ಮಿನುಗುವಂತೆ ಹೊಳೆದು ಶುಕ್ರನಿಗೆ ಪೈಪೋಟಿ ಕೊಟ್ಟಿತು. ಆದರೆ ಸೂರ್ಯನ ಪಕ್ಕದಲ್ಲೇ ಇದ್ದದ್ದರಿಂದ ಸೂರ್ಯನನ್ನೇ ನೋಡುವ ಸೋಹೊ ನೌಕೆಗೆ ಮಾತ್ರ ಚೆನ್ನಾಗಿ ಕಂಡಿತು.

ಆಮೇಲೆ ಸಂಜೆಯ ಪಡುವಣಕ್ಕೆ ಬಂತು. ಚಿತ್ತೆ ಮಳೆ ಬೆಂಗಳೂರನ್ನು ನೆನೆಸುತ್ತಿತ್ತು. ಅಕ್ಟೋಬರ್ 20 ದಾಟಿದ ಮೇಲೆ ಒಂದು ಸಂಜೆ ಪಾವಗಡದ ಕಡೆ ಹೊಲದ ಬದುವಿನ ಮೇಲೆ ನಿಂತು ಅಳೆದೆ. ಹೊಳಪು ಅಳೆಯಲು ಕಣ್ಣು ಮತ್ತು ಬೈನಾಕ್ಯುಲರ್ ಸಾಕು. ತೊಂದರೆ ಏನೆಂದರೆ, ನಕ್ಷತ್ರ ಚುಕ್ಕೆ, ಧೂಮಕೇತು ಹತ್ತಿಯ ಉಂಡೆ. ಎರಡನ್ನೂ ಹೋಲಿಸುವುದು ಹೇಗೆ? ಮೊದಲು ಧೂಮಕೇತುವನ್ನು ಚೂಪಾಗಿ ಕಾಣಿಸಿ, ಅದರ ಅಗಲ, ಬೆಳಕು ಎರಡನ್ನೂ ಮನಸ್ಸಿನಲ್ಲಿ ಹಿಡಿಯಬೇಕು. ಆಮೇಲೆ ನಕ್ಷತ್ರಕ್ಕೆ ತಿರುಗಿ, ಅದು ಅಷ್ಟೇ ಅಗಲ ಊದುವವರೆಗೆ ಫೋಕಸ್ ಕೆಡಿಸಬೇಕು. ಈಗ ಯಾವುದು ಹೆಚ್ಚು ಬೆಳಕು? ಒಂದು ನಕ್ಷತ್ರ 3.2, ಇನ್ನೊಂದು 4. ಧೂಮಕೇತು ಎರಡರ ನಡುವೆ, ಮೊದಲನೆಯದಕ್ಕಿಂತ ಕಾಲು ಭಾಗ ಕೆಳಗೆ. 3.4 ಎಂದು ಬರೆದುಕೊಂಡೆ. ಧೂಮಕೇತುವಿನಷ್ಟೇ ಎತ್ತರದ ನಕ್ಷತ್ರವನ್ನೇ ಆರಿಸಬೇಕು. ದಿಗಂತದ ಹತ್ತಿರದ ಗಾಳಿ ಎರಡು ಮ್ಯಾಗ್ನಿಟ್ಯೂಡ್ ಸುಮ್ನೆ ನುಂಗಿಬಿಡುತ್ತದೆ. ಇಬ್ಬರು ನುರಿತವರು ಅಳೆದರೂ ಅರ್ಧ ಮ್ಯಾಗ್ನಿಟ್ಯೂಡ್ ಹೆಚ್ಚುಕಡಿಮೆ ಬರುತ್ತದೆ. ಹಾಗಾಗಿ ಒಂದು ರಾತ್ರಿಯ ಅಂಕಕ್ಕಿಂತ, ಒಬ್ಬರೇ ತಿಂಗಳುಗಟ್ಟಲೆ ಬರೆದ ಪಟ್ಟಿಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ.

ಮತ್ತೆ ಮತ್ತೆ ಬರುವ ಹಳೆ ಗಿರಾಕಿಗಳ ಲೆಕ್ಕ ಸ್ವಲ್ಪ ವಾಸಿ. ಹ್ಯಾಲಿ ಧೂಮಕೇತು 1759ರ ಏಪ್ರಿಲ್ ಮಧ್ಯದಲ್ಲಿ ಸೂರ್ಯನ ಹತ್ತಿರ ಬರುತ್ತದೆ ಎಂದು ಫ್ರಾನ್ಸಿನ ಕ್ಲೇರೊ, ಲಲಾಂದ್ ಮತ್ತು ನಿಕೋಲ್ ರೀನ್ ಲೆಪೋತ್ ತಿಂಗಳುಗಟ್ಟಲೆ ಕೈಯಲ್ಲೇ ಲೆಕ್ಕ ಹಾಕಿ ಹೇಳಿದ್ದರು. ಅದು ಬಂದದ್ದು ಒಂದು ತಿಂಗಳು ಮೊದಲೇ, ಮಾರ್ಚ್ 13ಕ್ಕೆ. ಇದಲ್ಲದೆ, ಅದರ ಮೈಯಿಂದ ಚಿಮ್ಮುವ ಆವಿ ರಾಕೆಟ್ಟಿನಂತೆ ತಳ್ಳಿ, ಪ್ರತಿ ಸುತ್ತಿಗೂ ಸುಮಾರು ನಾಲ್ಕು ದಿನ ತಡ ಮಾಡಿಸುತ್ತದೆ. ಈಗ ಅದನ್ನೂ ಲೆಕ್ಕಕ್ಕೆ ಸೇರಿಸಿದ್ದೇವೆ. ಮುಂದಿನ ಭೇಟಿ 2061ರ ಜುಲೈ 28. ಆ ಸಲ ಅದು ಸೂರ್ಯನಿಂದ ನಾವಿರುವ ಕಡೆಯಲ್ಲೇ ಇರುವುದರಿಂದ 1986ಕ್ಕಿಂತ ಚೆನ್ನಾಗಿ ಹೊಳೆಯಬೇಕು. ನಮ್ಮ ಮಳೆಯ ಲೆಕ್ಕದಲ್ಲಿ ಅದು ಪುಷ್ಯ. ಮಲೆನಾಡಿನವರು ಈಗಲೇ ಬಯಲುಸೀಮೆಯಲ್ಲಿ ಒಬ್ಬ ನೆಂಟರನ್ನು ನೋಡಿಕೊಂಡಿರಿ.