ಮಾನ್ಯತೆ: ಯಾರು ಕೊಟ್ಟದ್ದು, ಯಾವುದಕ್ಕೆ ಕೊಟ್ಟದ್ದು?

ಬೆಂಗಳೂರಿನ ವಿಜಯನಗರದಿಂದ ರಾಜಾಜಿನಗರದ ಕಡೆ ಹೊರಟರೆ ದಾರಿಯುದ್ದಕ್ಕೂ ತರಬೇತಿ ಸಂಸ್ಥೆಗಳ ಬೋರ್ಡು. ಎಸಿ ರಿಪೇರಿ, ಬ್ಯೂಟಿಷಿಯನ್, ಫ್ಯಾಷನ್ ಡಿಸೈನ್, ಅನಿಮೇಷನ್, ಟ್ಯಾಲಿ. ಕೋರ್ಸು ಯಾವುದೇ ಇರಲಿ, ಕೆಳಗೆ ‘ಸರ್ಕಾರಿ ಮಾನ್ಯತೆ ಪಡೆದ ಸಂಸ್ಥೆ’ ಅಂತ ಬರೆದಿರುತ್ತದೆ. ಕೆಲವರು ‘ಸ್ಕಾಲರ್‌ಶಿಪ್ ಸೌಲಭ್ಯವಿದೆ’ ಅಂತಲೂ ಸೇರಿಸುತ್ತಾರೆ. ಖಾಸಗಿ ವೃತ್ತಿ ತರಬೇತಿ ಸಂಸ್ಥೆಗಳ ಮಕ್ಕಳಿಗೂ ರಾಜ್ಯದ ವಿದ್ಯಾರ್ಥಿವೇತನ ಸಿಗಬೇಕು ಅನ್ನುವ ಚರ್ಚೆ ಎದ್ದಾಗಲೂ ಅಷ್ಟೇ. ಬೇಕು ಅನ್ನುವವರು, ಬೇಡ ಅನ್ನುವವರು ಇಬ್ಬರೂ ಮಾನ್ಯತೆ ಅನ್ನುವ ಪದವನ್ನು ಬಾಯಿಗೆ ಬಂದ ಅರ್ಥದಲ್ಲಿ ಬಳಸುತ್ತಾರೆ. ಎಷ್ಟೋ ಮನೆಗಳಲ್ಲಿ ಮಕ್ಕಳ ಫೀಸಿನ ಲೆಕ್ಕ ಈ ಪದವನ್ನು ನಂಬಿಕೊಂಡಿರುತ್ತದೆ. ಇಷ್ಟು ಸಡಿಲವಾಗಿ ಬಳಸುವ ಪದ ಇದಲ್ಲ.

‘ಮನ್’ ಅನ್ನುವ ಸಂಸ್ಕೃತ ಧಾತು ಇದರ ಬೇರು. ಎಣಿಸು, ಭಾವಿಸು ಅಂತ ಅರ್ಥ. ಒಬ್ಬರು ಇನ್ನೊಬ್ಬರನ್ನು ಯೋಗ್ಯರೆಂದು ಎಣಿಸಿದರೆ ಅವರು ಮಾನ್ಯರು. ನಮ್ಮ ಮನ್ನಣೆ, ಮನ್ನಿಸು ಕೂಡ ಇದೇ ಬಳಗದವು. ಅಂದರೆ ಈ ಪದದೊಳಗೆ ಯಾವಾಗಲೂ ಇಬ್ಬರು ಇರುತ್ತಾರೆ: ಎಣಿಸುವವರು ಮತ್ತು ಎಣಿಸಿಕೊಳ್ಳುವವರು. ತನ್ನನ್ನು ತಾನೇ ಮಾನ್ಯ ಮಾಡಿಕೊಳ್ಳಲು ಬರುವುದಿಲ್ಲ.

ಕನ್ನಡದಲ್ಲಿ ಈ ಪದಕ್ಕೆ ಇನ್ನೊಂದು ಹಳೆಯ ಬಾಳೂ ಇದೆ. ತೆರಿಗೆ ಬಿಟ್ಟು ಕೊಟ್ಟ ಭೂಮಿಗೆ ‘ಮಾನ್ಯ’ ಎಂದೇ ಹೆಸರು. ಯಾವ ತೆರಿಗೆಯೂ ಇಲ್ಲದಿದ್ದರೆ ‘ಸರ್ವಮಾನ್ಯ’. ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಶಾಸನ ತಜ್ಞ ಬಿ.ಎಲ್. ರೈಸ್ 1905ರಲ್ಲಿ ಒಂದು ಸಂಪುಟವಾಗಿ ತಂದರು. ಇಂಥ ದಾನಶಾಸನಗಳನ್ನು ಓದುವಾಗ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಕೊಟ್ಟವರು ಯಾರು, ಪಡೆದವರು ಯಾರು, ಯಾವ ಕೆಲಸಕ್ಕಾಗಿ ಕೊಟ್ಟದ್ದು, ಭೂಮಿಯ ನಾಲ್ಕು ದಿಕ್ಕಿನ ಎಲ್ಲೆ ಯಾವುದು, ಎಷ್ಟು ಕಾಲಕ್ಕೆ. ಪೂರ್ಣವಾಗಿ ಉಳಿದ ಶಾಸನದಲ್ಲಿ ಸಾಮಾನ್ಯವಾಗಿ ಇವೆಲ್ಲ ಇರುತ್ತವೆ. ಸೂರ್ಯ ಚಂದ್ರರಿರುವ ತನಕ ಅನ್ನುವುದಕ್ಕೆ ‘ಆಚಂದ್ರಾರ್ಕ’ ಎಂದು ಕೆತ್ತಿಸುತ್ತಿದ್ದರು. ಹೀಗೆ ಎಲ್ಲೆ ಹೇಳಿದ ಮೇಲೆ ಪಕ್ಕದ ಹೊಲವೂ ನನ್ನ ಮಾನ್ಯವೇ ಅಂತ ಯಾರೂ ಹೇಳಲು ಆಗುತ್ತಿರಲಿಲ್ಲ.

ಇವತ್ತಿನ ಮಾನ್ಯತೆಗೂ ಇದೇ ಕೊಂಡಿಗಳು ಇವೆ. ಕೊಟ್ಟ ಪ್ರಾಧಿಕಾರ ಯಾವುದು, ಯಾವ ಕೋರ್ಸಿಗೆ, ಎಷ್ಟು ಸೀಟಿಗೆ, ಯಾವ ವರ್ಷಕ್ಕೆ. ಇವುಗಳಲ್ಲಿ ಒಂದು ತಪ್ಪಿದರೂ ಮಾನ್ಯತೆ ಅನ್ನುವ ಮಾತು ನಿಲ್ಲುವುದಿಲ್ಲ. ‘ಸರ್ಕಾರಿ ಮಾನ್ಯತೆ’ ಅಂತ ಸುಮ್ನೆ ಬರೆದರೆ ಈ ಯಾವ ಪ್ರಶ್ನೆಗೂ ಉತ್ತರ ಸಿಗದು. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿ ನೋಟು ಅಮಾನ್ಯವಾದಾಗ ಕಾಗದ ಬದಲಾಗಿರಲಿಲ್ಲ, ಅದರ ಹಿಂದಿದ್ದ ಒಪ್ಪಿಗೆ ಹೋಗಿತ್ತು. ಪ್ರಮಾಣಪತ್ರದ ವಿಷಯವೂ ಹಾಗೆಯೇ.

ಜಾಸ್ತಿ ಗೊಂದಲ ಆಗುವುದು ನೋಂದಣಿಯಿಂದ. ಸಂಘ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಮಾಡಿಸುವುದು, ಕಂಪನಿ ಮಾಡಿಕೊಳ್ಳುವುದು, ಜಿಎಸ್‌ಟಿ ಸಂಖ್ಯೆ, ಉದ್ಯಮ್ ನೋಂದಣಿ, ಪಾಲಿಕೆಯ ಟ್ರೇಡ್ ಲೈಸೆನ್ಸ್. ಇವೆಲ್ಲ ಸರ್ಕಾರದ ಕಾಗದಗಳೇ, ಆದರೆ ಒಂದೂ ಮಾನ್ಯತೆ ಅಲ್ಲ. ಈ ಹೆಸರಿನ ವ್ಯವಹಾರ ಇದೆ ಅಂತ ಅವು ಹೇಳುತ್ತವೆ. ಅಲ್ಲಿ ಕಲಿಸುವ ಪಾಠದ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಐಎಸ್‌ಒ 9001 ಇನ್ನೂ ದೂರದ್ದು. ಅದು ನಿರ್ವಹಣಾ ವ್ಯವಸ್ಥೆಗೆ ಸಂಬಂಧಿಸಿದ ಮಾನದಂಡ. ಆ ಪ್ರಮಾಣಪತ್ರವನ್ನು ಜಿನೀವಾದ ಐಎಸ್‌ಒ ಸಂಸ್ಥೆ ಕೊಡುವುದೂ ಇಲ್ಲ, ಬೇರೆ ಬೇರೆ ಏಜೆನ್ಸಿಗಳು ಕೊಡುತ್ತವೆ. ಇವನ್ನು ತೋರಿಸಿ ‘ಸರ್ಕಾರಿ ಮಾನ್ಯತೆ’ ಅನ್ನುವುದು ತಪ್ಪು. ಅಡ್ಮಿಷನ್ ಮಾಡಿಸಲು ಹಾಗೆ ಅಂದರೆ ಮೋಸ.

ಐಟಿಐ ತೆಗೆದುಕೊಳ್ಳಿ. ಕುಶಲಕರ್ಮಿ ತರಬೇತಿ ಯೋಜನೆ 1950ರಿಂದ ಇದೆ, ರಾಷ್ಟ್ರೀಯ ವೃತ್ತಿ ತರಬೇತಿ ಮಂಡಳಿ (ಎನ್‌ಸಿವಿಟಿ) 1956ರಲ್ಲಿ ಬಂತು. ಐಟಿಐಗಳ ಮಾನ್ಯತೆಗೆ ಸಂಯೋಜನೆ (ಅಫಿಲಿಯೇಷನ್) ಅನ್ನುತ್ತಾರೆ. ಈಗ ಅದನ್ನು ಕೊಡುವುದು ಕೇಂದ್ರದ ತರಬೇತಿ ಮಹಾನಿರ್ದೇಶನಾಲಯ, ಅಂದರೆ ಡಿಜಿಟಿ. ಅದು ಕಟ್ಟಡಕ್ಕೆ ಇಡಿಯಾಗಿ ಸಂಯೋಜನೆ ಕೊಡುವುದಿಲ್ಲ. ಟ್ರೇಡ್‌ವಾರು, ಯೂನಿಟ್‌ವಾರು, ಅಂದರೆ ಒಂದೊಂದು ಕಸುಬಿಗೆ, ಒಂದೊಂದು ತಂಡಕ್ಕೆ ಕೊಡುತ್ತದೆ. ಒಂದೇ ಕಟ್ಟಡದ ಮೊದಲ ಮಹಡಿಯ ಎಲೆಕ್ಟ್ರಿಷಿಯನ್ ಟ್ರೇಡಿಗೆ ಮಾನ್ಯತೆ ಇದ್ದು, ಎರಡನೇ ಮಹಡಿಯ ಮೊಬೈಲ್ ರಿಪೇರಿ ಕೋರ್ಸಿಗೆ ಇಲ್ಲದೆಯೂ ಇರಬಹುದು. ಬೋರ್ಡು ಮಾತ್ರ ಇಬ್ಬರಿಗೂ ಒಂದೇ. ಪಾಲಿಟೆಕ್ನಿಕ್‌ಗಳ ವಿಷಯಕ್ಕೆ ಬಂದರೆ, ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ (ಎಐಸಿಟಿಇ) ಅನುಮೋದನೆಯನ್ನು ಮುಂದುವರಿಸಿಕೊಂಡೇ ಹೋಗಬೇಕು. ಆಚಂದ್ರಾರ್ಕದ ಕಾಲ ಇದಲ್ಲ.

ಐಟಿಐಗಳನ್ನು ಗುರುತಿಸಲು ಒಂದು ಸುಲಭದ ದಾರಿ ಇದೆ: ಸಂಯೋಜನೆ ಇರುವ ಐಟಿಐಗೆ ಕೊಡುವ ಗುರುತಿನ ಸಂಖ್ಯೆ, ಅಂದರೆ ಎಂಐಎಸ್ ಕೋಡ್ ಕೇಳಿ. ಜಿ ಅಕ್ಷರದಿಂದ ಶುರುವಾದರೆ ಸರ್ಕಾರಿ, ಪಿ ಅಕ್ಷರದಿಂದ ಶುರುವಾದರೆ ಖಾಸಗಿ. ಅಕ್ಷರಗಳ ನಂತರದ 29 ಕರ್ನಾಟಕದ ಸಂಖ್ಯೆ. ಕೋಡ್ ಸಿಕ್ಕ ಮೇಲೆ ನಿಮ್ಮ ಮಗುವಿನ ಟ್ರೇಡ್ ಅದರಡಿ ಇದೆಯಾ ನೋಡಿ. ಬನ್ನೇರುಘಟ್ಟ ರಸ್ತೆಯ ಕೌಶಲ್ಯ ಭವನದಲ್ಲಿರುವ ಇಲಾಖೆಯ ಕಚೇರಿಯಲ್ಲೂ ವಿಚಾರಿಸಬಹುದು.

ಈ ಕೋಡಿನಲ್ಲಿ ಖಾಸಗಿಗೂ ಜಾಗ ಇದೆ, ಗಮನಿಸಿದಿರಾ? ‘ಖಾಸಗಿ ಸಂಸ್ಥೆಗಳಿಗೂ ವಿದ್ಯಾರ್ಥಿವೇತನ ವಿಸ್ತರಿಸಿ’ ಅನ್ನುವ ಬೇಡಿಕೆ ಎಡವುವುದು ಇಲ್ಲೇ. ಖಾಸಗಿ ಅನ್ನುವುದು ಅಡ್ಡಿ ಅಲ್ಲವೇ ಅಲ್ಲ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ಐಟಿಐ, ಪಾಲಿಟೆಕ್ನಿಕ್ ಡಿಪ್ಲೊಮಾಗಳು ಒಂದು ಗುಂಪಾಗಿಯೇ ಇವೆ. ಮಾನ್ಯತೆ ಇರುವ ಖಾಸಗಿ ಸಂಸ್ಥೆಯ ಮಕ್ಕಳೂ ಅದಕ್ಕೆ ಅರ್ಜಿ ಹಾಕಬಹುದು. ರೈತರ ಮಕ್ಕಳಿಗಾಗಿ 2021ರಲ್ಲಿ ಬಂದ ರೈತ ವಿದ್ಯಾನಿಧಿಯಲ್ಲಿ ಪಿಯುಸಿ, ಐಟಿಐ, ಡಿಪ್ಲೊಮಾ ಓದುವ ಹುಡುಗರಿಗೆ ವರ್ಷಕ್ಕೆ 2,500, ಹುಡುಗಿಯರಿಗೆ 3,000 ರೂಪಾಯಿ ಎಂದು ನಿಗದಿಯಾಯಿತು. ಹೊರಗೆ ಉಳಿದಿರುವುದು ಮಾನ್ಯತೆ ಇಲ್ಲದ ಕೋರ್ಸುಗಳು. ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ ಎಸ್‌ಎಸ್‌ಪಿಯಲ್ಲಿ ಸಂಸ್ಥೆ ಮತ್ತು ಕೋರ್ಸನ್ನು ಪಟ್ಟಿಯಿಂದ ಆರಿಸಬೇಕು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಎಲ್ಲ ಸರಿಯಿದ್ದರೂ ಅರ್ಜಿ ಮುಂದೆ ಹೋಗುವುದಿಲ್ಲ. ಬೋರ್ಡು ನಂಬಿ ಸೇರಿದ ಮನೆಯವರಿಗೆ ವಿಷಯ ತಿಳಿಯುವುದು ಆಗ. ಅಷ್ಟರಲ್ಲಿ ಫೀಸಿನ ಮೊದಲ ಕಂತು ಕಟ್ಟಿಯಾಗಿರುತ್ತದೆ.

ಅನುದಾನವನ್ನೂ ಇದರ ಜೊತೆ ಕಲಸುತ್ತಾರೆ. ಅನುದಾನ ಅಂದರೆ ಸಂಸ್ಥೆಗೆ ಸರ್ಕಾರ ಕೊಡುವ ಹಣ. ವಿದ್ಯಾರ್ಥಿವೇತನ ಮಗುವಿಗೆ ಬರುವ ಹಣ. ಅನುದಾನರಹಿತ ಸಂಸ್ಥೆಗೂ ಮಾನ್ಯತೆ ಇರಬಹುದು.

ಹಾಗಾದರೆ ವಿಸ್ತರಣೆ ಬೇಡವೇ? ಬೇಕು. ಎಸ್‌ಎಸ್‌ಎಲ್‌ಸಿ ಮುಗಿಸಿ ಎಸಿ ರಿಪೇರಿ ಕಲಿಯುವ ಹುಡುಗನ ಓದು ಪಿಯುಸಿ ಹುಡುಗನ ಓದಿಗಿಂತ ಕಡಿಮೆಯದಲ್ಲ. ಆದರೆ ಮೊದಲು ಆಗಬೇಕಾದದ್ದು ಆ ಕೋರ್ಸುಗಳಿಗೆ ಮಾನ್ಯತೆ. 2018ರಲ್ಲಿ ಅಧಿಸೂಚನೆಯಾದ ರಾಷ್ಟ್ರೀಯ ವೃತ್ತಿ ಶಿಕ್ಷಣ ಮತ್ತು ತರಬೇತಿ ಮಂಡಳಿ (ಎನ್‌ಸಿವಿಇಟಿ) ಇರುವುದೇ ವೃತ್ತಿ ತರಬೇತಿಯ ನಿಯಂತ್ರಣಕ್ಕೆ. ಪ್ರಮಾಣಪತ್ರ ಕೊಡುವ ಸಂಸ್ಥೆ ಯಾವುದು, ಪರೀಕ್ಷೆ ನಡೆಸುವ ಸಂಸ್ಥೆ ಯಾವುದು ಎಂದು ಬೇರೆ ಬೇರೆಯಾಗಿ ಗುರುತಿಸುವ ಕೆಲಸ ಅದರದು. ಅದರ ಚೌಕಟ್ಟಿಗೆ ಬಂದ, ಒಂದು ವರ್ಷಕ್ಕೆ ಕಡಿಮೆ ಇಲ್ಲದ ಕೋರ್ಸುಗಳನ್ನು ಎಸ್‌ಎಸ್‌ಪಿ ಪಟ್ಟಿಗೆ ಸೇರಿಸಲು ರಾಜ್ಯ ಮುಂದಾಗಲಿ. ಮಾನ್ಯತೆ ನೋಡದೆ ಹಣ ಬಿಟ್ಟರೆ ಅದು ಬೋರ್ಡು ದೊಡ್ಡದಾಗಿ ಬರೆಸಿದವರ ಕೈ ಸೇರುತ್ತದೆ. ಮಗುವಿನ ಕೈಲಿ ಉಳಿಯುವ ಪ್ರಮಾಣಪತ್ರವನ್ನು ಯಾವ ಕಾರ್ಖಾನೆಯೂ ಎಣಿಸುವುದಿಲ್ಲ.

ಶಿಷ್ಯವೇತನದ ಬಗ್ಗೆಯೂ ಹೇಳಿಬಿಡುತ್ತೇನೆ, ಯಾಕೆಂದರೆ ಬೋರ್ಡುಗಳಲ್ಲಿ ಅದೂ ಬರತೊಡಗಿದೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಾರ್ಖಾನೆಯಲ್ಲಿ ಕೆಲಸ ಕಲಿಯುವವರಿಗೆ ತಿಂಗಳು ತಿಂಗಳು ಬರುವ ಹಣ ಅದು. ಅದನ್ನು ಕೊಡುವುದು ಕೆಲಸ ಕಲಿಸುವ ಕಂಪನಿ. ನೀವೇ ಫೀಸು ಕಟ್ಟಿ ಸೇರಿದ ಕಡೆ ‘ಶಿಷ್ಯವೇತನ ಸಹಿತ’ ಅಂತ ಬರೆದಿದ್ದರೆ, ಯಾವ ಕಂಪನಿ ಕೊಡುತ್ತದೆ, ಅಪ್ರೆಂಟಿಸ್ ಒಪ್ಪಂದ ಎಲ್ಲಿದೆ ಅಂತ ಕೇಳಿ.