ಕೀಲಿಮಣೆಯ ಮೇಲೆ ಸುಮ್ನೆ ಯಾಕೆ ಸಿಟ್ಟು?

ವಾರಕ್ಕೊಬ್ಬರಾದರೂ ನಮ್ಮ ಡಿಟಿಪಿ ಅಂಗಡಿಗೆ ಬಂದು ಇದೇ ಮಾತು ಹೇಳುತ್ತಾರೆ. "ನುಡಿ ಕೀಬೋರ್ಡ್ ಬೇಡ ಮಾರಾಯ್ರೇ, ಅದರಲ್ಲಿ ಹೊಡೆದದ್ದು ಮೊಬೈಲಿನಲ್ಲಿ ಕಾಣುವುದೇ ಇಲ್ಲ. ಬೇರೆ ಎಂತ ಕಲಿಯಲಿ?" ಉಡುಪಿಯಲ್ಲಿ ಕೂತು ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಕರಪತ್ರ ಟೈಪ್ ಮಾಡುತ್ತಲೇ ನನ್ನ ತಲೆ ನೆರೆತಿದೆ. ಈ ಪ್ರಶ್ನೆ ಮಾತ್ರ ಮುದಿಯಾಗುತ್ತಿಲ್ಲ.

ಕೀಲಿಮಣೆ ವಿನ್ಯಾಸ ಬೆರಳಿಗೆ ಸಂಬಂಧಪಟ್ಟದ್ದು. ಯಾವ ಕೀಲಿ ಒತ್ತಿದರೆ ಯಾವ ಅಕ್ಷರ, ಅಷ್ಟೇ. ಆ ಅಕ್ಷರ ಫೈಲಿನೊಳಗೆ ಯಾವ ಸಂಕೇತವಾಗಿ ಕೂರುತ್ತದೆ ಎನ್ನುವುದು ಬೇರೆಯೇ ಸಂಗತಿ. 'ನುಡಿ', 'ಬರಹ' ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಸಂಕೇತಕ್ಕೇ ಕನ್ನಡದ ಚಿತ್ರ ತೊಡಿಸಿದ್ದರು. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ವೇಷ ಕಳಚುತ್ತದೆ, ಯಕ್ಷಗಾನದ ವೇಷ ಕಟ್ಟುವ ಚೌಕಿಯಲ್ಲಿ ಕಂಡ ಹಾಗೆ ಒಳಗಿನ ಇಂಗ್ಲಿಷ್ ಕಾಣುತ್ತದೆ. ಯುನಿಕೋಡ್ ಅಂದರೆ ಎಲ್ಲ ಲಿಪಿಗಳ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಟ್ಟ ಸಂಕೇತ ಪದ್ಧತಿ. ಅದರಲ್ಲಿ 'ಕ'ಕ್ಕೆ ಸ್ವಂತ ಸಂಖ್ಯೆ ಉಂಟು, 3221. ನೀವು ಯಾವ ಕೀಲಿ ಒತ್ತಿ ತಂದರೂ ಅದು 3221ನೆಯದೇ. ನುಡಿ ಎನ್ನುವುದು ತಂತ್ರಾಂಶದ ಹೆಸರೂ ಹೌದು, ಫಾಂಟಿನ ಹೆಸರೂ ಹೌದು, ಜನರ ಬಾಯಲ್ಲಿ ಕೀಲಿಮಣೆಯ ಹೆಸರೂ ಹೌದು. ಗೊಂದಲ ಆಗದೆ ಇರುತ್ತದಾ?

ನುಡಿಯ ಆ ಕೀಲಿಮಣೆ ಬಂದದ್ದು ಕನ್ನಡ ತಂತ್ರಾಂಶ ರೂಪಿಸಿದ ನಮ್ಮ ಕಿನ್ನಿಕಂಬಳದ ಕೆ.ಪಿ. ರಾವ್ ಅವರಿಂದ. ಅದರಲ್ಲಿ 'ಮಂಗಳೂರು' ಬರೆಯಲು ಏಳು ಒತ್ತು ಸಾಕು. ವ್ಯಂಜನದ ಜೊತೆ 'ಅ' ತಾನಾಗಿ ಬರುತ್ತದೆ. 'ಬರಹ' ತಂತ್ರಾಂಶದ ಲಿಪ್ಯಂತರ ಕ್ರಮದಲ್ಲಿ, ಅಂದರೆ ಉಚ್ಚಾರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುವಾಗ, ಪ್ರತಿ 'ಅ'ಗೂ ಒಂದೊಂದು ಇಂಗ್ಲಿಷಿನ 'a' ಒತ್ತಬೇಕು, ಒಟ್ಟು ಒಂಬತ್ತು. 'ಉಡುಪಿ'ಗೆ ಎರಡರಲ್ಲೂ ಐದೇ ಅನ್ನಿ, ನಮ್ಮ ಊರಿನವರಿಗೆ ಲಾಭ ಇಲ್ಲ! ಭಾರತೀಯ ಲಿಪಿಗಳಿಗೆಲ್ಲ ಒಂದೇ ಕ್ರಮದ ಕೀಲಿಮಣೆಯಾದ ಇನ್‌ಸ್ಕ್ರಿಪ್ಟಿನಲ್ಲಿ ಸ್ವರ ಎಡಗೈಗೆ, ವ್ಯಂಜನ ಹೆಚ್ಚಾಗಿ ಬಲಗೈಗೆ. ಕಲಿಯಲು ಮೊದಮೊದಲು ಕಷ್ಟ. ಆದರೆ ಕನ್ನಡದ 'ಕ' ಇರುವ ಕೀಲಿಯಲ್ಲೇ ದೇವನಾಗರಿಯದ್ದೂ ಮಲಯಾಳದ್ದೂ ಇದೆ. ಕೊಂಕಣಿಯನ್ನು ನಾಗರಿಯಲ್ಲಿ ಬರೆಯುವವರಿಗೆ, ಕಾಸರಗೋಡಿನ ಗಿರಾಕಿ ಜಾಸ್ತಿ ಇರುವವರಿಗೆ ನಾನು ಅದನ್ನೇ ಹೇಳುವುದು. ಉಳಿದವರು ಈಗಾಗಲೇ ಬೆರಳಿಗೆ ಹತ್ತಿದ್ದನ್ನು ಬಿಡಬೇಡಿ.

ಕಾರ್ಕಳ ಕಡೆಯ ಒಬ್ಬರು ನಿವೃತ್ತ ಮಾಷ್ಟ್ರು ತಮ್ಮ ಮನೆತನದ ಚರಿತ್ರೆ ಅರುವತ್ತು ಪುಟ ಟೈಪ್ ಮಾಡಿದ್ದರು. ದುಬಾಯಿಯ ಮೊಮ್ಮಗನಿಗೆ ಕಳಿಸಿದರೆ ಅವನಿಗೆ ಕಂಡದ್ದು ಬರೀ ಇಂಗ್ಲಿಷ್ ಕಲಸುಮೇಲೋಗರ. ಕೀಬೋರ್ಡಿನದೇ ತಪ್ಪು ಅಂದುಕೊಂಡು ಎಪ್ಪತ್ತರ ವಯಸ್ಸಿನಲ್ಲಿ ಇನ್‌ಸ್ಕ್ರಿಪ್ಟ್ ಕಲಿತು, ಮೊದಲಿನಿಂದ ಹೊಡೆಯಲು ಕೂತಿದ್ದರು. ನನ್ನಲ್ಲಿಗೆ ಬರುವಾಗ ಹನ್ನೊಂದು ಪುಟ ಮುಗಿದಿತ್ತು. "ಮಾಷ್ಟ್ರೇ, ಮೊದಲೇ ಬರಬಾರದಿತ್ತಾ?" ಅಂದೆ. ಹಳೆಯ ಫಾಂಟಿನ ಬರವಣಿಗೆಯನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಕ್ಕೆ ಹಾಕಿದೆ, ಚಾ ಬರುವುದರೊಳಗೆ ಅರುವತ್ತೂ ಪುಟ ಯುನಿಕೋಡ್ ಆಯಿತು. ಅವರು ಸಂತೋಷಪಡಲಿಲ್ಲ. ಆ ಹನ್ನೊಂದು ಪುಟ ಎಂತ ಮಾಡುವುದು ಎಂದು ಕೇಳಿದರು.

ಪರಿವರ್ತಕ ಪೂರ್ತಿ ನಂಬುವಂಥದ್ದಲ್ಲ, ಇದನ್ನು ಹೇಳಲೇಬೇಕು. ಹಳೆಯ ಫಾಂಟಿನಲ್ಲಿ 'ಸೂರ್ಯ'ದ ಅರ್ಕಾವೊತ್ತು ಕಣ್ಣಿಗೆ ಕಂಡ ಹಾಗೆ ಯಕಾರದ ನಂತರ ಇರುತ್ತದೆ, ಯುನಿಕೋಡಿನಲ್ಲಿ 'ರ' ಮೊದಲು ಬರಬೇಕು. ಈ ಅದಲುಬದಲಿನಲ್ಲಿ ಎಡವಟ್ಟು ಆಗುವುದುಂಟು. ಮೂಲ ಫೈಲ್ ಅಳಿಸಬೇಡಿ, ಒಮ್ಮೆ ಕಣ್ಣಾಡಿಸಿ. ಹೆಸರುಗಳನ್ನಂತೂ ಎರಡು ಸಲ ನೋಡಿ.

ಮಾಷ್ಟ್ರು ಈಗ ಹಳೆಯ ಕೆ.ಪಿ. ರಾವ್ ಕೀಲಿಮಣೆಯಲ್ಲೇ ಯುನಿಕೋಡ್ ಹೊಡೆಯುತ್ತಾರೆ. ಎರಡನೇ ಭಾಗ ಶುರುವಾಗಿದೆ. ಮೊನ್ನೆ ಕಳಿಸಿದ ಫೈಲಿನ ಹೆಸರು 'ಹೊಸತು ಕೊನೆಯದು ಸರಿಯಾದದ್ದು 3'.