ಹಾಲಿಗೆ ಬೆರೆಸದ ನೀರಿನ ಲೆಕ್ಕ

ಕೋಲಾರದ ಪಕ್ಕದ ಒಂದು ಹಳ್ಳಿ ಡೈರಿ. ಬೆಳಿಗ್ಗೆ ಆರೂವರೆ. ಸೆಕ್ರೆಟರಿ ಹಾಲಿನೊಳಗೆ ಲ್ಯಾಕ್ಟೋಮೀಟರ್ ಬಿಟ್ಟು ಬಗ್ಗಿ ನೋಡಿದರು. "ಡಿಗ್ರಿ ಕಮ್ಮಿ ಬಂತಲ್ಲಕ್ಕಾ" ಅಂದರು. ಅಕ್ಕನಿಗೆ ಸಿಟ್ಟು ಬಂತು. "ನಾನೇನು ನೀರು ಹಾಕ್ತೀನಾ?"

ಹಾಲು-ನೀರಿನ ಈ ಜಗಳ ನಮ್ಮಲ್ಲಿ ಹಳೆಯದು. ನೀರು ಬೆರೆಸಿ ಮಾರಿದವನ ದುಡ್ಡಿನ ಗಂಟು ಕೋತಿ ಕೈಗೆ ಸಿಕ್ಕಿ, ನೀರಿನ ಪಾಲು ನೀರಿಗೇ ಬಿದ್ದ ಕತೆ ಯಾರಿಗೆ ಗೊತ್ತಿಲ್ಲ? ಏನೂ ಬೆರೆಸದ ಹಾಲಿನಲ್ಲೂ ನೂರಕ್ಕೆ 87 ಪಾಲು ನೀರೇ. ಆದರೆ ನನಗೆ ಆಸಕ್ತಿ ಇರುವುದು ಕ್ಯಾನಿನೊಳಗಿನ ನೀರಿನಲ್ಲಿ ಅಲ್ಲ.

"1 ಲೀಟರ್ ಹಾಲಿಗೆ 1000 ಲೀಟರ್ ನೀರು ಖರ್ಚು!" ಎಂಬ ಮೆಸೇಜು ನಿಮಗೂ ಬಂದಿರಬಹುದು. ಸಂಖ್ಯೆ ಸುಳ್ಳಲ್ಲ. ನೆದರ್‌ಲ್ಯಾಂಡ್ಸ್‌ನ ಆರ್ಯೆನ್ ಹುಕ್‌ಸ್ಟ್ರಾ ಮತ್ತು ಜೊತೆಗಾರರು ಲೆಕ್ಕ ಹಾಕಿದ ಜಾಗತಿಕ ಸರಾಸರಿ ಅದು. ಕಿರಿಕಿರಿ ಆಗುವುದು ಅದನ್ನು ಓದಿ ಜನ ಹಸು ಟ್ಯಾಂಕರ್‌ಗಟ್ಟಲೆ ಕುಡಿಯುತ್ತದೆ ಅಂದುಕೊಳ್ಳುವಾಗ. ದಿನಕ್ಕೆ 10 ಲೀಟರ್ ಕೊಡುವ ಸೀಮೆಹಸು ಕುಡಿಯುವುದು ಸುಮಾರು 50-60 ಲೀಟರ್. ಮೈ ತೊಳೆಯೋಕೆ, ಕೊಟ್ಟಿಗೆಗೆ ಇನ್ನೊಂದಿಷ್ಟು. ಉಳಿದದ್ದನ್ನೆಲ್ಲ ಕುಡಿದದ್ದು ಹುಲ್ಲು.

ಇದನ್ನು ಕಣ್ಣಾರೆ ನೋಡಬಹುದು. ಬೆಳಿಗ್ಗೆ ಹತ್ತಕ್ಕೆ ಜೋಳದ ಗರಿಗೆ ಒಂದು ಪ್ಲಾಸ್ಟಿಕ್ ಕವರ್ ಕಟ್ಟಿ. ಮಧ್ಯಾಹ್ನಕ್ಕೆ ಒಳಗೆಲ್ಲ ಹನಿ. ಎಲೆಯ ಮೈಮೇಲೆ ಕಣ್ಣಿಗೆ ಕಾಣದ ಬಾಯಿಗಳಿವೆ. ಇಂಗಾಲದ ಡೈಆಕ್ಸೈಡ್ ಬೇಕೆಂದರೆ ಅವನ್ನು ತೆರೆಯಲೇಬೇಕು. ತೆರೆದರೆ ನೀರು ಆವಿಯಾಗಿ ಓಡುತ್ತದೆ. ಮದುವೆಮನೆ ಬಾಗಿಲಲ್ಲಿ ಒಬ್ಬ ನೆಂಟ ಒಳಗೆ ಬರುವಷ್ಟರಲ್ಲಿ ಉಂಡವರು ನೂರಾರು ಮಂದಿ ಹೊರಗೆ ನುಗ್ಗಿದ ಹಾಗೆ. ಗಾಳಿಯಲ್ಲಿ ಆ ಅನಿಲ ಇರುವುದೇ ಹತ್ತು ಸಾವಿರಕ್ಕೆ ನಾಲ್ಕು ಪಾಲು, ಹಾಗಾಗಿ ಬಾಗಿಲು ತುಂಬಾ ಹೊತ್ತು ತೆರೆದಿರಬೇಕು. ಜೋಳ, ರಾಗಿ, ನೇಪಿಯರ್ ಹುಲ್ಲು ಮಾತ್ರ ಖಾಸಗಿ ಬಸ್ಸಿನ ಕ್ಲೀನರ್ ಇದ್ದಂತೆ. ಬಾಗಿಲು ಅರ್ಧ ತೆರೆದೇ ಕೈಗೆ ಸಿಕ್ಕ ಪ್ಯಾಸೆಂಜರನ್ನು ಒಳಗೆಳೆದುಕೊಳ್ಳುತ್ತವೆ. ಕುದುರೆ ಮೆಂತ್ಯ (ಲೂಸರ್ನ್) ಎಂಬ ಮೇವಿನ ಗಿಡಕ್ಕೆ ಆ ಜಾಣತನ ಇಲ್ಲ.

ಈ ಸೋರಿಕೆಯನ್ನು ಅಳೆದವರಲ್ಲಿ ನನಗೆ ಇಷ್ಟವಾದವರು ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್. 1724ರಲ್ಲಿ ಸೂರ್ಯಕಾಂತಿ ಗಿಡದ ಕುಂಡಕ್ಕೆ ಸೀಸದ ತಗಡು ಮುಚ್ಚಿ, ದಿನಾ ಬೆಳಿಗ್ಗೆ ಸಂಜೆ ತೂಗಿದರು. ಹಗಲೊಂದರಲ್ಲಿ ಸರಾಸರಿ ಅರ್ಧ ಕೆಜಿಗೂ ಜಾಸ್ತಿ ನೀರು ಮಾಯ! (ಕುದುರೆಯ ರಕ್ತದೊತ್ತಡವನ್ನು ಮೊದಲು ಅಳೆದವರೂ ಇವರೇ. ಪ್ರವಚನಕ್ಕೆ ಯಾವಾಗ ಬಿಡುವಿತ್ತೋ.) 1910ರ ದಶಕದಲ್ಲಿ ಅಮೆರಿಕದ ಬ್ರಿಗ್ಸ್ ಮತ್ತು ಶಾಂಟ್ಸ್ ಮೇವಿನ ಬೆಳೆಗಳನ್ನೂ ಹೀಗೇ ಕುಂಡದಲ್ಲಿಟ್ಟು ತೂಗಿದರು. 1 ಕೆಜಿ ಒಣ ಮೇವು ಬೆಳೆಯಲು ಜೋಳಕ್ಕೆ ಬೇಕಾದದ್ದು 300 ಲೀಟರ್‌ನ ಆಸುಪಾಸು, ಕುದುರೆ ಮೆಂತ್ಯಕ್ಕೆ 800ಕ್ಕೂ ಜಾಸ್ತಿ.

ಈಗ ಲೆಕ್ಕ ಹಾಕಿ. ನಮ್ಮ ಹಸು ದಿನಕ್ಕೆ 12 ಕೆಜಿ ಒಣ ಮೇವಿನಷ್ಟು ತಿಂದರೆ, ಬರೀ ಜೋಳದ ಮೇವಾದರೆ 3600 ಲೀಟರ್, ಬರೀ ಕುದುರೆ ಮೆಂತ್ಯವಾದರೆ 9600. ಹತ್ತರಿಂದ ಭಾಗಿಸಿ: ಲೀಟರ್ ಹಾಲಿಗೆ 360 ಅಥವಾ 960. ನಾಟಿ ಹಸುವಿಗೆ ಈ ತಾಪತ್ರಯ ಇಲ್ಲ ಅನ್ನುವವರಿಗೆ ಒಂದು ಮಾತು. 2 ಲೀಟರ್ ಕೊಡುವ ಹಸುವೂ ಬದುಕಿರೋಕೆ ತಿನ್ನಲೇಬೇಕು. ಆ ಮೇವನ್ನು ಎರಡರಿಂದಲೇ ಭಾಗಿಸಬೇಕು.

ಇಷ್ಟಾದರೂ ಮುಖ್ಯ ಪ್ರಶ್ನೆ ಎಷ್ಟು ನೀರು ಅನ್ನುವುದಲ್ಲ, ಯಾವ ನೀರು ಅನ್ನುವುದು. ಜಾಗತಿಕ ಸರಾಸರಿಯಲ್ಲಿ ನೂರಕ್ಕೆ 85ರಷ್ಟು ಮಳೆಯದು. ಐರ್ಲೆಂಡಿನ ಹುಲ್ಲುಗಾವಲಿಗೆ ಆಕಾಶವೇ ನೀರು ಹಾಯಿಸುತ್ತದೆ. ಹಸು ಇರಲಿ ಬಿಡಲಿ, ಆ ಮಳೆ ಹುಲ್ಲಿನ ಮೇಲೇ ಬೀಳುತ್ತದೆ. ನ್ಯೂಜಿಲೆಂಡಿನಲ್ಲಿ ವೈಕಾಟೊಗೆ ಮಳೆ ಸಾಕು, ಕ್ಯಾಂಟರ್‌ಬರಿ ಬಯಲಿಗೆ ಸಾಲದು, ಅಲ್ಲಿ ತುಂತುರು ನೀರಾವರಿ ಬೇಕು. ಉತ್ತರ ಗುಜರಾತಿನ ಮೆಹ್ಸಾಣಾದಲ್ಲಿ ಕುದುರೆ ಮೆಂತ್ಯಕ್ಕೆ ಅಂತರ್ಜಲ ಎತ್ತೀ ಎತ್ತೀ ನೀರು ಆಳಕ್ಕಿಳಿಯಿತು. ಸೌದಿಯವರು ಮರುಭೂಮಿಯಡಿಯ ಸಾವಿರಾರು ವರ್ಷ ಹಳೆಯ ನೀರಲ್ಲಿ ಹಸು ಸಾಕಿದರು. ಆ ನೀರು ತಳ ಕಾಣುವಾಗ ಮೇವನ್ನು ಹೊರಗಿಂದ ತರಲು ಹೊರಟರು. ಅಲ್ಲಿನ ಅಲ್ಮರಾಯ್ ಕಂಪನಿ 2014ರಲ್ಲಿ ಅಮೆರಿಕದ ಅರಿಝೋನಾದಲ್ಲಿ ಜಮೀನು ಕೊಂಡು ಕುದುರೆ ಮೆಂತ್ಯ ಬೆಳೆಸಿತು. ಅರಿಝೋನಾದ ಅಂತರ್ಜಲ ಹುಲ್ಲಿನ ವೇಷ ಹಾಕಿ ಹಡಗು ಹತ್ತಿತು.

ಕೋಲಾರದಲ್ಲೂ ಎರಡು ಹುಲ್ಲುಗಳಿವೆ. ನೇಪಿಯರ್ ಜಾಣ ಹುಲ್ಲೇ, ಆದರೆ ವರ್ಷವಿಡೀ ಹಸಿರಾಗಿರಬೇಕು ಅಂದರೆ ಸಾವಿರ ಅಡಿ ದಾಟಿದ ಬೋರಿನಿಂದ ಕುಡಿಯಬೇಕು. ರಾಗಿ ಹುಲ್ಲು ಮುಂಗಾರಿನಲ್ಲೇ ಬೆಳೆದು ಮುಗಿಯುತ್ತದೆ. ತೆನೆಯೂ ಹುಲ್ಲೂ ಅದೇ ಮಳೆ ಹಂಚಿಕೊಂಡಿರುತ್ತವೆ. ಬರೀ ಅದನ್ನೇ ಹಾಕಿದರೆ ಸೀಮೆಹಸು 10 ಲೀಟರ್ ಕೊಡುವುದಿಲ್ಲ, ಅದೂ ನಿಜ.

ಡೈರಿಯಲ್ಲಿ ಸಿಟ್ಟಾಗಿದ್ದ ಅಕ್ಕನ ಮನೆ ಹಿಂದೆ ಆಳೆತ್ತರದ ರಾಗಿ ಬಣವೆ ಇತ್ತು. ಇಷ್ಟು ರಾಗಿ ಮನೆಗೆ ಬೇಕಾ ಎಂದು ಕೇಳಿದೆ. ಅವರು ನಕ್ಕರು. "ರಾಗಿ ರೇಷನ್ ಅಂಗಡೀಲೂ ಕೊಡ್ತಾರಣ್ಣ. ಹುಲ್ಲು ಕೊಡ್ತಾರಾ?"